ತೇಲುವ ಹಾವಸೆಯ ಒಕ್ಕಲು

ಅರ್ನೆಸ್ಟ್ ಹೆಮಿಂಗ್ವೆ 1952ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಎಂಬ ಕಿರುಕಾದಂಬರಿಯನ್ನು ಓದಿದವರಿಗೆ ಮುದುಕನೂ ಅವನ ಹೆಮ್ಮೀನೂ ಅದನ್ನು ಹರಿದು ತಿಂದ ಶಾರ್ಕುಗಳೂ ಚೆನ್ನಾಗಿ ನೆನಪಿರುತ್ತವೆ. ಆದರೆ ಅದರ ನಡುವೆ ಬರುವ ಒಂದು ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡವರು ವಿರಳ. ಮೀನನ್ನು ದೋಣಿಗೆ ಬಿಗಿದುಕೊಂಡು ಮನೆಯ ಕಡೆಗೆ ಹೊರಟ ಮುದುಕನಿಗೆ ಹಸಿವಾಗುತ್ತದೆ. ಪಕ್ಕದಲ್ಲಿ ಹಳದಿ ಬಣ್ಣದ ಕಡಲಪಾಚಿಯ ಒಂದು ಗೊಂಚಲು ತೇಲಿ ಬರುತ್ತದೆ. ಅವನು ಅದನ್ನು ಕೊಕ್ಕೆಯಿಂದ ಎಳೆದು ದೋಣಿಯೊಳಗೆ ಕೊಡವುತ್ತಾನೆ. ಹನ್ನೆರಡಕ್ಕೂ ಮಿಕ್ಕಿ ಸಣ್ಣ ಸೀಗಡಿಗಳು ಹಲಗೆಯ ಮೇಲೆ ಬಿದ್ದು ಕುಪ್ಪಳಿಸುತ್ತವೆ. ಅವುಗಳ ತಲೆ ಚಿವುಟಿ, ಸಿಪ್ಪೆಸಮೇತ ಅಗಿದು ಅವನು ತಿನ್ನುತ್ತಾನೆ. ಅಷ್ಟರಲ್ಲಿ ಶಾರ್ಕು ಬರುತ್ತದೆ. ನಾವು ಸೀಗಡಿಯನ್ನು ಮರೆತು ಶಾರ್ಕಿನ ಬೆನ್ನು ಹತ್ತುತ್ತೇವೆ.

ಆದರೆ ಒಂದು ಗಳಿಗೆ ನಿಂತು ಕೇಳಬೇಕಾದ ಪ್ರಶ್ನೆಯೊಂದು ಅಲ್ಲಿದೆ. ದಡ ಕಾಣದ, ತಳ ಮುಟ್ಟದ ಆ ನಡುಗಡಲಿನಲ್ಲಿ ಬೆರಳುದ್ದದ ಸೀಗಡಿಗಳಿಗೆ ಏನು ಕೆಲಸ? ಕಾಲೂರಲು ನೆಲವಿಲ್ಲದ, ಅಡಗಲು ಬಂಡೆಯಿಲ್ಲದ ಕಡೆಯಲ್ಲಿ ಅವು ಹೇಗೆ ಬಂದವು, ಹೇಗೆ ಬಾಳಿದವು? ಆ ಪಾಚಿಯ ಗೊಂಚಲೇ ಅವುಗಳ ಊರು ಎಂಬುದು ಇದರ ಉತ್ತರ. ಈ ಉತ್ತರ ಮೇಲ್ನೋಟಕ್ಕೆ ಸರಳವಾಗಿ ಕಂಡರೂ ಅದರ ಒಳಹೊಕ್ಕರೆ ಮನುಷ್ಯನಿಗೂ ಸಂಬಂಧಿಸಿದ ಒಂದು ವಿಚಾರ ಎದುರಾಗುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಡಲಿನ ವಿಷಯವನ್ನು ಮಹಾಲಿಂಗಪುರದಲ್ಲಿ ಕುಳಿತು ಬರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನಮ್ಮದು ಮಗ್ಗದ ಊರು, ಬೆಲ್ಲದ ಪೇಟೆ. ಸುತ್ತಲೂ ಕಬ್ಬು, ಕಪ್ಪುಮಣ್ಣು. ಹತ್ತಿರದ ಕಡಲತಡಿಯಾದ ಕಾರವಾರಕ್ಕೆ ಹೋಗಬೇಕಾದರೂ ಇನ್ನೂರು ಕಿಲೋಮೀಟರಿಗೆ ಮಿಕ್ಕಿ ಪಯಣಿಸಿ, ಘಟ್ಟ ಇಳಿಯಬೇಕು. ನಮಗೆ ತಿಳಿದ ದೊಡ್ಡ ನೀರೆಂದರೆ ಘಟಪ್ರಭೆ. ಆದರೆ ಆ ಘಟಪ್ರಭೆ ಎಲ್ಲಿಗೆ ಹೋಗುತ್ತದೆ? ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಆಲಮಟ್ಟಿಯನ್ನು ದಾಟಿ, ತೆಲುಗು ನಾಡನ್ನು ಹಾದು ಮೂಡಣ ಕಡಲನ್ನು ಸೇರುತ್ತದೆ. ನಮ್ಮ ಹೊಲದ ನೀರು ಕಡಲನ್ನು ಮುಟ್ಟುವಾಗ ಕಡಲು ನಮಗೆ ಸಂಬಂಧವಿಲ್ಲದ್ದೆಂದು ಹೇಳಲು ಬರುವಂತಿಲ್ಲ.

ಇನ್ನು ‘ಪಾಚಿ’ಯ ಮಾತು. ನಮ್ಮ ಕಡೆಯ ಜನ ಅದನ್ನು ‘ಹಾವಸೆ’ ಎನ್ನುತ್ತಾರೆ. ಹಳಗನ್ನಡದ ‘ಪಾವಸೆ’ಯ ಪಕಾರ ಹಕಾರವಾಗಿ ಉಳಿದುಕೊಂಡ ಒಳ್ಳೆಯ ದೇಸಿ ಶಬ್ದವದು. ಆದರೆ ಆ ಶಬ್ದಕ್ಕೆ ಬಾಳಿನಲ್ಲಾಗಲಿ ಕಾವ್ಯದಲ್ಲಾಗಲಿ ಮರ್ಯಾದೆ ಸಿಕ್ಕಿದ್ದು ಕಡಿಮೆ. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವುದು ಹಾವಸೆ. ತಿಳಿನೀರನ್ನು ಮುಚ್ಚುವುದು ಹಾವಸೆ. ಕೊಳವನ್ನು ಬಣ್ಣಿಸುವ ಕವಿಗಳು ಕಮಲಕ್ಕೆ ಸಿಂಹಾಸನವನ್ನೂ ಹಂಸಕ್ಕೆ ನಡಿಗೆಯನ್ನೂ ಕೊಟ್ಟು, ಶೈವಲಕ್ಕೆ ಮೂಲೆಯ ಜಾಗವನ್ನು ಮಾತ್ರ ಬಿಟ್ಟರು. ಅದರೊಳಗೆ ಕೈಯಿಟ್ಟು ಯಾರು ವಾಸವಾಗಿದ್ದಾರೆಂದು ನೋಡುವ ಕೆಲಸ ಕವಿಯದಲ್ಲವೆಂದು ಅವರು ಬಗೆದಿರಬೇಕು.

ಮೇಲೆ ಹೇಳಿದ ಸೀಗಡಿಯ ಪ್ರಸಂಗವನ್ನು ನಾನೊಮ್ಮೆ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ್, ಮೀನಕ್ಕ, ಏಡಿಗೆ ನೀರ ಮನಿ ಅಲ್ಲೇನ್ರಿ? ಅಷ್ಟ ದೊಡ್ಡ ಸಮುದ್ರ ಇರಾಕ, ಮತ್ತ ಬ್ಯಾರೆ ಮನಿ ಯಾಕ ಬೇಕ್ರಿ ಅವಕ?” ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಲ್ಲ. ಇಡೀ ವಿಷಯದ ಬೀಗದಕೈ ಅದರಲ್ಲೇ ಇತ್ತು. ಆಗ ನನಗೆ ನೆನಪಾದವನು ನಮ್ಮ ಊರಿಗೆ ಸಮೀಪದ ಬೆಳಗಲಿಯ ಕವಿ ರನ್ನ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕು ಅಡಗುತ್ತಾನೆ. ನೆಲದ ಮೇಲಿನ ಹಗೆಯಿಂದ ನೀರು ಅವನನ್ನು ಮರೆಮಾಡಿತು, ಸ್ವಲ್ಪ ಹೊತ್ತಾದರೂ. “ನೆಲದವರಿಂದ ನೀರು ಮರೆಮಾಡಬಲ್ಲುದು ಸರಿ, ಆದರೆ ನೀರಿನಲ್ಲೇ ಇರುವ ಹಗೆಯಿಂದ ನೀರಿನವರನ್ನು ಮರೆಮಾಡುವವರು ಯಾರಪ್ಪ?” ಎಂದು ನಾನು ಮರುಪ್ರಶ್ನೆ ಹಾಕಿದೆ. ಹುಡುಗ ಸುಮ್ಮನೆ ಕುಳಿತ. ಆದರೆ ಅವನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಹೊಣೆ ನನ್ನ ಮೇಲೆ ಉಳಿಯಿತು.

ನೆಲದ ಮೇಲೆ ವಾಸಿಸುವ ನಮಗೆ ಬಯಲೆಂದರೆ ಏನೆಂಬುದು ಪೂರ್ತಿ ತಿಳಿಯದು. ಎಂಥ ಬಯಲಿನಲ್ಲಿಯೂ ಕಾಲ ಕೆಳಗೊಂದು ನೆಲವಿರುತ್ತದೆ. ಒಂದು ಕಲ್ಲು, ಒಂದು ಜಾಲಿಗಿಡ, ಒಂದು ಬಿಲ ಇದ್ದೇ ಇರುತ್ತದೆ. ನಡುಗಡಲು ಹಾಗಲ್ಲ. ಅಲ್ಲಿ ಕೆಳಗೆ ನಾಲ್ಕೈದು ಸಾವಿರ ಮೀಟರಿನವರೆಗೆ ಬರಿಯ ನೀರು. ಸುತ್ತಲೂ ಬರಿಯ ನೀರು. ಬೇಟೆಗಾರ ಮೀನು ಮೇಲಿನಿಂದಲೂ ಬರಬಹುದು, ಕೆಳಗಿನಿಂದಲೂ ಬರಬಹುದು. ಹಕ್ಕಿ ಆಕಾಶದಿಂದ ಎರಗಬಹುದು. ಇಂಥ ಕಡೆಯಲ್ಲಿ ಬದುಕಲು ಮೂರು ದಾರಿಗಳು: ಮೈ ಗಾಜಿನಂತೆ ಪಾರದರ್ಶಕವಾಗಿರಬೇಕು, ಇಲ್ಲವೆ ಹಿಡಿಯಲಾರದಷ್ಟು ವೇಗವಾಗಿ ಓಡಬೇಕು, ಇಲ್ಲವೆ ಹಗಲೆಲ್ಲ ಕತ್ತಲೆಯ ಆಳಕ್ಕಿಳಿದು ಇರುಳಿನಲ್ಲಿ ಮೇಲೆ ಬರಬೇಕು. ಈ ಮೂರೂ ಒಗ್ಗದವರಿಗೆ ಆಸರೆಯೊಂದು ಬೇಕೇ ಬೇಕು.

ಏಡಿ, ಸೀಗಡಿ ಮತ್ತು ಅವುಗಳ ಬಳಗದ ಸಣ್ಣ ಜೀವಿಗಳಿಗೆ ಶಾಸ್ತ್ರಜ್ಞರು ಕಠಿಣಚರ್ಮಿಗಳು ಎಂದು ಹೆಸರಿಟ್ಟಿದ್ದಾರೆ. ಮೈಮೇಲೆ ಗಡುಸಾದ ಕವಚ ಹೊತ್ತವು ಎಂದರ್ಥ. ಕವಚವಿದ್ದ ಮೇಲೆ ಭಯವೇಕೆ ಎಂದು ಕೇಳಬಹುದು. ಕವಚವೇ ಅವುಗಳ ಸಂಕಟಕ್ಕೂ ಕಾರಣ. ಮೈ ಬೆಳೆದಂತೆ ಕವಚ ಬೆಳೆಯುವುದಿಲ್ಲ. ಹಾವು ಪೊರೆ ಬಿಡುವಂತೆ ಹಳೆಯದನ್ನು ಕಳಚಿ, ಒಳಗೆ ಮಡಿಚಿಕೊಂಡಿದ್ದ ಹೊಸದನ್ನು ಹಿಗ್ಗಿಸಿಕೊಳ್ಳಬೇಕು. ಆ ಹೊಸ ಕವಚ ಗಟ್ಟಿಯಾಗುವ ತನಕ ಪ್ರಾಣಿ ಬೆಣ್ಣೆಯಂತೆ ಮೆತ್ತಗಿರುತ್ತದೆ; ಕಚ್ಚಲಾರದು, ಓಡಲಾರದು. ಬಾಳಿನಲ್ಲಿ ಮತ್ತೆ ಮತ್ತೆ ಬರುವ ಈ ಅಸಹಾಯ ಗಳಿಗೆಗಳನ್ನು ಕಳೆಯಲು ಹಿಡಿದುಕೊಳ್ಳುವುದಕ್ಕೊಂದು ಕಡ್ಡಿಯೂ ಮರೆಗೊಂದು ಎಲೆಯೂ ಬೇಕು. ಹುಡುಗನ ಪ್ರಶ್ನೆಗೆ ಇದೇ ಮೊದಲ ಉತ್ತರ.

ಆ ಕಡ್ಡಿಯನ್ನೂ ಎಲೆಯನ್ನೂ ಕಡಲಿನ ಮೇಲ್ಮೈಯಲ್ಲಿ ಒದಗಿಸುವುದು ಸಾರ್ಗಾಸಮ್ ಎಂಬ ಕಂದುಪಾಚಿ. ನೋಡಲು ಇದು ಕಾಂಡ, ಎಲೆ, ಹಣ್ಣುಗಳಿರುವ ಗಿಡದಂತೆಯೇ ತೋರುತ್ತದೆ. ಹಣ್ಣಿನಂತೆ ಕಾಣುವುದು ಹಣ್ಣಲ್ಲ, ಗಾಳಿ ತುಂಬಿದ ಗುಳ್ಳೆ. ಕಡಲೆಕಾಳಿಗಿಂತ ಚಿಕ್ಕವಾದ ಈ ಗುಳ್ಳೆಗಳೇ ಗಿಡವನ್ನು ತೇಲಿಸುತ್ತವೆ. ಪೋರ್ಚುಗೀಸ್ ನಾವಿಕರು ಇವನ್ನು ಕಂಡು ತಮ್ಮ ನಾಡಿನ ಒಂದು ಬಗೆಯ ದ್ರಾಕ್ಷಿಯ ಹೆಸರನ್ನು ಇದಕ್ಕೆ ಇಟ್ಟರೆಂದು ಹೇಳುವುದುಂಟು. ಈ ಪಾಚಿಯ ಜಾತಿಗಳಲ್ಲಿ ಬಹುಪಾಲು ಕರೆಯ ಬಂಡೆಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಅಲೆಯ ಹೊಡೆತಕ್ಕೆ ಕಿತ್ತುಹೋದ ಮೇಲೆ ಸ್ವಲ್ಪ ಕಾಲ ತೇಲುತ್ತವೆ. ಅಟ್ಲಾಂಟಿಕ್ ಸಾಗರದ ಎರಡು ಜಾತಿಗಳು ಮಾತ್ರ ಬಂಡೆಯನ್ನು ಕಂಡವೇ ಅಲ್ಲ. ಅವು ತೇಲುತ್ತಲೇ ಬೆಳೆದು, ತುಂಡಾಗಿ, ತುಂಡು ತುಂಡೂ ಹೊಸ ಗಿಡವಾಗಿ ವಂಶವನ್ನು ಮುಂದುವರಿಸುತ್ತವೆ. ಅವು ನೆರೆದಿರುವ ಸಾಗರಭಾಗಕ್ಕೆ ಸಾರ್ಗಾಸೋ ಸಮುದ್ರವೆಂದು ಹೆಸರು. ಭೂಮಿಯ ಸಮುದ್ರಗಳಲ್ಲಿ ದಡವೇ ಇಲ್ಲದ ಸಮುದ್ರ ಇದು. ನಾಲ್ಕು ಸಾಗರಪ್ರವಾಹಗಳೇ ಇದರ ಮೇರೆ.

ಕ್ರಿಸ್ಟಫರ್ ಕೊಲಂಬಸನು 1492ರ ಸೆಪ್ಟೆಂಬರ್ ನಡುವಿನಲ್ಲಿ ಇದರೊಳಗೆ ಹೊಕ್ಕನು. ಅವನ ದಿನಚರಿಯ ಸಾರಾಂಶ ಲಾಸ್ ಕಾಸಾಸ್ ಎಂಬ ಪಾದ್ರಿಯ ಬರಹದಲ್ಲಿ ಉಳಿದು ಬಂದಿದೆ. ಸೆಪ್ಟೆಂಬರ್ 17ರಂದು ನಾವಿಕರು ತೇಲುವ ಪಾಚಿಯಲ್ಲಿ ಒಂದು ಜೀವಂತ ಏಡಿಯನ್ನು ಕಂಡರು. ಕೊಲಂಬಸ್ ಅದನ್ನು ತೆಗೆದಿಟ್ಟುಕೊಂಡನು. ಏಡಿ ಕಂಡಿತೆಂದರೆ ನೆಲ ಹತ್ತಿರವಾಯಿತೆಂದೇ ಅರ್ಥವೆಂದು ಅವನು ನಂಬಿದನು. ತರ್ಕ ತಪ್ಪಲ್ಲ, ಅವನು ಅದುವರೆಗೆ ಕಂಡ ಏಡಿಗಳೆಲ್ಲ ದಡದ ಏಡಿಗಳೇ. ಆದರೆ ನೆಲ ಕಂಡದ್ದು ಅಕ್ಟೋಬರ್ 12ರಂದು, ಇಪ್ಪತ್ತೈದು ದಿನಗಳ ತರುವಾಯ. ಆ ಏಡಿಗೆ ನೆಲದ ಹಂಗೇ ಇರಲಿಲ್ಲ. ಪಾಚಿಯೇ ಅದಕ್ಕೆ ನೆಲ. ಹೆಬ್ಬೆರಳ ಉಗುರಿನಷ್ಟಿರುವ, ಪಾಚಿಯ ಮೇಲೂ ಕಡಲಾಮೆಯ ಬಾಲದ ಬುಡದಲ್ಲೂ ತೇಲುವ ಮರದ ತುಂಡಿನ ಮೇಲೂ ಮನೆ ಹೂಡುವ ಈ ಜಾತಿಗೆ ಇಂದು ಕೊಲಂಬಸ್ ಏಡಿ ಎಂಬ ಹೆಸರು ಬಳಕೆಯಲ್ಲಿದೆ.

ಈ ತೇಲುವ ಊರಿನ ಒಕ್ಕಲುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದರೆ, ಮನೆಯ ಗುರುತು ಮೈಮೇಲೆಯೇ ಬಿದ್ದಿರುವುದು ಕಾಣುತ್ತದೆ. ಲಾಟ್ರಿಯೂಟಿಸ್ ಎಂಬ ಸಪೂರವಾದ ಸೀಗಡಿಯ ಮೈ ಪಾಚಿಯ ಹಳದಿಗಂದು ಬಣ್ಣದ್ದು. ಮೇಲೆ ಅಲ್ಲಲ್ಲಿ ಬಿಳಿಯ ಚುಕ್ಕೆ. ಪಾಚಿಯ ಎಲೆಯ ಮೇಲೆ ಸುಣ್ಣದ ಹರಳಿನಂತೆ ಅಂಟಿಕೊಳ್ಳುವ ಬೇರೆ ಸೂಕ್ಷ್ಮಜೀವಿಗಳುಂಟು. ಸೀಗಡಿಯ ಚುಕ್ಕೆ ಅವನ್ನೇ ಹೋಲುತ್ತದೆ. ಪಾಚಿಯ ಈಜೇಡಿಗೆ ಹಿಂಗಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆ. ಬೆನ್ನಿನ ಕಂದಿನ ಮೇಲೆ ಅದೇ ಬಿಳಿಯ ಬೊಟ್ಟುಗಳು. ಆದರೆ ಮರೆಯ ವಿದ್ಯೆಯನ್ನು ಬೇಟೆಯಾದವರು ಮಾತ್ರ ಕಲಿಯಲಿಲ್ಲ, ಬೇಟೆಗಾರನೂ ಕಲಿತಿದ್ದಾನೆ. ಎಲೆಯಂತೆಯೇ ಜೋಲುವ ಚರ್ಮದ ಚೂರುಗಳನ್ನು ಮೈತುಂಬ ತೊಟ್ಟ ಸಾರ್ಗಾಸಮ್ ಮೀನು ತನ್ನ ಈಜುರೆಕ್ಕೆಗಳನ್ನು ಕೈಗಳಂತೆ ಬಳಸಿ ಪಾಚಿಯ ಕಡ್ಡಿ ಹಿಡಿದು ತೆವಳುತ್ತ ಬಂದು, ಬಾಯಿ ತೆರೆದ ಕ್ಷಣದಲ್ಲೇ ಸೀಗಡಿಯನ್ನು ನುಂಗುತ್ತದೆ. ಮನೆಯೆಂದ ಮೇಲೆ ಮನೆಯೊಳಗಣ ಹಗೆಯೂ ಇರುವುದೇ.

ನಮ್ಮ ಮಗ್ಗದ ಊರುಗಳವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಪ್ರಾಣಿ ಈ ಬಳಗದಲ್ಲಿದೆ. ಆಂಫಿಪಾಡ್ ಎಂಬ ಗುಂಪಿನ, ಕೆಲವೇ ಮಿಲಿಮೀಟರ್ ಉದ್ದದ, ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಜೀವಿಗಳಲ್ಲಿ ಆಂಫಿತೋಯಿಡೇ ಎಂಬುದೊಂದು ಕುಟುಂಬ. ಇವು ಕಡಲಿನ ನೇಕಾರರು. ಎದೆಯ ಏಳು ಜೊತೆ ಕಾಲುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಜೊತೆಗಳೊಳಗೆ ನೂಲಿನ ಗ್ರಂಥಿಗಳಿವೆ. ಕಾಲಿನ ತುದಿಯಿಂದ ಎಳೆ ಹೊರಬರುತ್ತದೆ. ಆ ಎಳೆಯಿಂದ ಪಾಚಿಯ ಎಲೆಯ ಎರಡು ಅಂಚುಗಳನ್ನು ಸೇರಿಸಿ ಹೊಲಿದು, ಇಲ್ಲವೆ ಎಲೆಯ ಚೂರುಗಳನ್ನು ಜೋಡಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು ಪ್ರಾಣಿ ಅದರೊಳಗೆ ಕೂರುತ್ತದೆ. ಬನಹಟ್ಟಿಯ ನೇಕಾರನಿಗೆ ಕಾಲು ಕುಣಿಮಗ್ಗವನ್ನು ತುಳಿಯುವುದಕ್ಕೆ ಬೇಕು. ಈ ನೇಕಾರನಿಗೆ ಕಾಲೇ ಲಾಳಿ, ಕಾಲೇ ನೂಲು. ಆದರೆ ಇಬ್ಬರಿಗೂ ಒಂದು ವ್ಯತ್ಯಾಸವುಂಟು. ಸಮುದ್ರದ ನೇಕಾರನಿಗೆ ಹಸಿವಾದಾಗ ತಾನು ನೇಯ್ದ ಗೂಡಿನ ಗೋಡೆಯನ್ನೇ ಮೆಲ್ಲಬಹುದು. ಮನೆಯೂ ಅನ್ನವೂ ಒಂದೇ ಆಗಿರುವುದು ಎಂಥ ಸುಖ, ಮತ್ತು ಎಂಥ ಅಪಾಯ! ಈ ಮಾತಿಗೆ ಮುಂದೆ ಬರುತ್ತೇನೆ.

ಏಡಿ, ಸೀಗಡಿಗಳ ಮೊಟ್ಟೆಯೊಡೆದು ಬರುವ ಮರಿಗಳು ತಂದೆತಾಯಿಗಳನ್ನು ಹೋಲದ ಡಿಂಭಗಳಾಗಿ ನೀರಿನಲ್ಲಿ ಚದರಿಹೋಗುತ್ತವೆ. ಆಂಫಿಪಾಡ್ ಮತ್ತು ಐಸೊಪಾಡ್ ಎಂಬ ಗುಂಪುಗಳಲ್ಲಿ ಹಾಗಲ್ಲ. ಅಲ್ಲಿ ತಾಯಿಯ ಎದೆಯಡಿಯಲ್ಲಿ ಸಣ್ಣ ಚೀಲವೊಂದಿರುತ್ತದೆ. ಮೊಟ್ಟೆಗಳು ಅದರೊಳಗೇ ಒಡೆದು, ಮರಿಗಳು ತಾಯಿಯ ಕಿರಿಯ ಪ್ರತಿಗಳಾಗಿ ಹೊರಬರುತ್ತವೆ. ಬಂದು, ತಾಯಿ ಹಿಡಿದ ಕಡ್ಡಿಯನ್ನೇ ಹಿಡಿಯುತ್ತವೆ. ಅಜ್ಜಿ, ತಾಯಿ, ಮೊಮ್ಮಕ್ಕಳು ಒಂದೇ ಗೊಂಚಲಿನಲ್ಲಿ ಬಾಳಬಹುದು. ಗೊಂಚಲು ನೂರಾರು ಮೈಲಿ ತೇಲಿದರೆ ಸಂಸಾರವೂ ನೂರಾರು ಮೈಲಿ ಪ್ರಯಾಣ ಮಾಡುತ್ತದೆ. ಈಜಿ ದಾಟಲಾರದ ಕಡಲನ್ನು ಈ ದುರ್ಬಲ ಪ್ರಾಣಿಗಳು ಹೀಗೆ ಮನೆಯ ಸಮೇತ ದಾಟುತ್ತವೆ. ಒಂದು ದಡದ ಜಾತಿ ಇನ್ನೊಂದು ದಡದಲ್ಲಿ ಸಿಕ್ಕುವುದಕ್ಕೆ ಈ ತೇಲುವಿಕೆಯೂ ಒಂದು ಕಾರಣವೆಂದು ಶಾಸ್ತ್ರಜ್ಞರು ಹೇಳುತ್ತಾರೆ.

ಇಷ್ಟೂ ದೂರದ ಅಟ್ಲಾಂಟಿಕ್ಕಿನ ಮಾತಾಯಿತು. ನಮ್ಮ ಕರಾವಳಿಯಲ್ಲಿಯೂ ಸಾರ್ಗಾಸಮ್ ಇದೆ. ಕಾಳಿ ನದಿ ಕಡಲು ಸೇರುವ ಕಾರವಾರದ ಸುತ್ತಣ ಬಂಡೆಗಳ ಮೇಲೆ, ಮಳೆಗಾಲದ ಅಬ್ಬರ ಇಳಿದ ಬಳಿಕ ಅದು ಚಿಗುರಿ, ಚಳಿಗಾಲದಲ್ಲಿ ಹುಲುಸಾಗಿ ಬೆಳೆಯುತ್ತದೆ. ಬಲಿತ ಮೇಲೆ ಅಲೆಗೆ ಕಿತ್ತು, ಗುಳ್ಳೆಗಳ ಬಲದಿಂದ ತೇಲುತ್ತ ಹೊರಡುತ್ತದೆ. ಬಹಳಷ್ಟು ಮರಳಿನ ಮೇಲೆ ಬಂದು ಬೀಳುತ್ತದೆ. ಒಂದು ಜನವರಿಯಲ್ಲಿ ನಾನು ಪ್ರಾಣಿಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರ ಸಂಗಡ ಅಲ್ಲಿಗೆ ಹೋಗಿದ್ದಾಗ, ಆಗತಾನೆ ತೇಲಿಬಂದ ಒಂದು ಹಿಡಿ ಪಾಚಿಯನ್ನು ಅವರು ಬಿಳಿಯ ಬೇಸಿನ್ನಿನಲ್ಲಿ ಕಡಲನೀರು ತುಂಬಿ ಕೊಡವಿದರು. ಮೊದಲು ಏನೂ ಕಾಣಲಿಲ್ಲ, ಬರೀ ಕಸ. ಒಂದು ನಿಮಿಷ ಕಾದ ಮೇಲೆ ಕಸಕ್ಕೆ ಕಾಲು ಬಂತು. ಕಾಳಿನಷ್ಟಿದ್ದದ್ದು ಬಾಗಿ ನೆಗೆಯಿತು, ಎಲೆಯ ಚೂರೆಂದುಕೊಂಡದ್ದು ತೆವಳಿತು, ಕೂದಲೆಳೆಯಂಥದು ಈಜಿತು. ಒಂದು ಹಿಡಿಯಲ್ಲಿ ಎಷ್ಟೆಂದು ಎಣಿಸಲು ಹೊರಟು ನಾನು ನಲವತ್ತಕ್ಕೆ ಕೈಬಿಟ್ಟೆ.

ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯ ಮೀನುಗಾರರೊಬ್ಬರು ನಮ್ಮನ್ನು ನೋಡಿ ನಕ್ಕು ಹೇಳಿದರು: “ಮಾಸ್ತರ್ರೇ, ಈ ಕಸ ಬಲೆಗೆ ಬಂದ್ರೆ ನಮಗೆ ಬೇಜಾರೇ. ಬಿಡಿಸೂದ್ರಲ್ಲೇ ಹೊತ್ತು ಹೋಗ್ತದೆ. ಆದ್ರೆ ಕಸ ಇದ್ದಲ್ಲೇ ಮರಿ ಇರ್ತದೆ, ನೋಡಿ.” ಮೀನಿನ ಮರಿಗಳು ಪಾಚಿಯ ನೆರಳಿಗೆ ಬರುತ್ತವೆ, ಏಕೆಂದರೆ ಅವಕ್ಕೂ ಮರೆ ಬೇಕು; ಮತ್ತು ಅವುಗಳ ಆಹಾರವಾದ ಸಣ್ಣ ಕಠಿಣಚರ್ಮಿಗಳು ಅಲ್ಲಿಯೇ ಇವೆ. ಒಂದು ಗ್ರಂಥದ ಅಧ್ಯಾಯದಲ್ಲಿ ಹೇಳಬೇಕಾದುದನ್ನು ಆ ಹಿರಿಯರು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಇದೇ ವಿಚಾರವನ್ನು ಚಾರ್ಲ್ಸ್ ಡಾರ್ವಿನ್ 1834ರ ಜೂನಿನಲ್ಲಿ, ದಕ್ಷಿಣ ಅಮೆರಿಕದ ತುದಿಯಲ್ಲಿ ಬೆಳೆಯುವ ದೈತ್ಯಪಾಚಿಯನ್ನು ಕುರಿತು ಬರೆಯುವಾಗ ಕಂಡುಕೊಂಡಿದ್ದನು. ಅದರ ಹೆಣೆದ ಬೇರುಗಳನ್ನು ಕೊಡವಿದರೆ ಏಡಿ, ಚಿಪ್ಪು, ಸಣ್ಣ ಮೀನುಗಳ ರಾಶಿಯೇ ಉದುರುತ್ತದೆಂದೂ ಆ ಪಾಚಿ ನಾಶವಾದರೆ ಮೀನು, ಮೀನನ್ನು ತಿನ್ನುವ ಹಕ್ಕಿ, ನೀರುನಾಯಿ, ಸೀಲು, ಕೊನೆಗೆ ಆ ತೀರದ ಮನುಷ್ಯರು ಕೂಡ ಒಬ್ಬರ ಹಿಂದೊಬ್ಬರು ಇಲ್ಲವಾಗುವರೆಂದೂ ಅವನು ತಿಳಿಸಿದನು. ಕಾಡು ಕಡಿದರಾಗುವ ಹಾನಿಗಿಂತ ಇದು ದೊಡ್ಡದೆಂಬುದು ಅವನ ಅಭಿಪ್ರಾಯ.

ಈಗ ಮನೆ ಮತ್ತು ಅನ್ನದ ಮಾತಿಗೆ ಬರೋಣ. ತೇಲುವ ಪಾಚಿಯ ತುಂಡಿಗೆ ಆಯುಷ್ಯ ಕಡಿಮೆ. ಗುಳ್ಳೆಗಳು ಒಡೆಯುತ್ತವೆ, ಮೇಲೆ ಅಂಟಿಕೊಂಡ ಜೀವಿಗಳ ಭಾರ ಹೆಚ್ಚುತ್ತದೆ, ಕೊನೆಗೆ ಮುಳುಗುತ್ತದೆ. ಒಕ್ಕಲುಗಳ ಹಲ್ಲು ಈ ನಾಶಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಉತ್ತರ ಸಮುದ್ರದ ಹೆಲ್ಗೋಲ್ಯಾಂಡ್ ದ್ವೀಪದಲ್ಲಿ ಜರ್ಮನ್ ಸಂಶೋಧಕರು ಇದನ್ನು ಐಡೋಟಿಯ ಎಂಬ ಐಸೊಪಾಡಿನ ಎರಡು ಜಾತಿಗಳಲ್ಲಿ ಹೋಲಿಸಿ ನೋಡಿದ್ದಾರೆ. ಎರಡೂ ದಾಯಾದಿಗಳು, ರೂಪದಲ್ಲಿ ಬಹಳ ಹೋಲಿಕೆ. ಒಂದು, ಐಡೋಟಿಯ ಬಾಲ್ಟಿಕ. ಇದು ಮೂಲತಃ ದಡದ ಪಾಚಿಯಲ್ಲಿ ಬಾಳುವ ಜಾತಿ. ತೇಲುವ ತುಂಡನ್ನೇರಿದರೂ ದಡದಲ್ಲಿ ಉಂಡಂತೆಯೇ ಉಣ್ಣುತ್ತದೆ. ಅದರ ಹಸಿವಿನ ಮುಂದೆ ಪಾಚಿ ಬೇಗನೆ ಚೂರುಚೂರಾಗಿ ಹೋಗುತ್ತದೆ. ಮನೆ ಮುಳುಗಿದ ಮೇಲೆ ಉಂಡವನಿಗೆ ನೆಲೆಯಿಲ್ಲ. ಇನ್ನೊಂದು, ಐಡೋಟಿಯ ಮೆಟಾಲಿಕ. ಇದು ಬಾಳನ್ನೆಲ್ಲ ತೇಲುವ ವಸ್ತುಗಳ ಮೇಲೆಯೇ ಕಳೆಯುವ ಜಾತಿ. ಇದು ಪಾಚಿಯನ್ನು ಬಹಳ ಕಡಿಮೆ ತಿನ್ನುತ್ತದೆ. ನೀರಿನಲ್ಲಿ ಸಿಕ್ಕುವ ಸಣ್ಣ ಪ್ರಾಣಿಗಳನ್ನು ಹಿಡಿದು ಹಸಿವನ್ನು ತೀರಿಸಿಕೊಳ್ಳುತ್ತದೆ. ಅದರ ಕಾಲ ಕೆಳಗಿನ ತೆಪ್ಪ ಉಳಿಯುತ್ತದೆ, ಅದರೊಡನೆ ಅದರ ಸಂತತಿಯೂ ಉಳಿಯುತ್ತದೆ.

ಈ ಪ್ರಾಣಿಯಲ್ಲಿ ಸಂಯಮವೆಂಬ ಗುಣವಿದೆ ಎಂದು ನಾನು ಹೇಳಲಾರೆ. ಅದು ತತ್ತ್ವವನ್ನು ಓದಿ ಉಪವಾಸ ಹಿಡಿದುದಲ್ಲ. ಮನೆಯನ್ನು ತಿಂದುಹಾಕುವ ಸ್ವಭಾವದವು ನಡುಗಡಲಿನಲ್ಲಿ ಉಳಿಯಲಿಲ್ಲ, ತಿನ್ನದಿರುವ ಸ್ವಭಾವದವು ಉಳಿದವು. ಲಕ್ಷಾಂತರ ವರ್ಷಗಳ ಈ ಜಾಲಾಡುವಿಕೆಯೇ ಅದಕ್ಕೆ ಗುರು. ಬೆಲೆ ತೆರುವ ಕ್ರಮವೂ ಎರಡರಲ್ಲಿ ಬೇರೆ. ದಡದಲ್ಲಿರುವವನಿಗೆ ಒಂದು ಗಿಡ ತೀರಿದರೆ ಪಕ್ಕದಲ್ಲಿ ಇನ್ನೊಂದು ಗಿಡವಿದೆ. ನಡುಗಡಲಿನವನಿಗೆ ಪಕ್ಕದ ಗಿಡವೆಂಬುದಿಲ್ಲ. ಆದುದರಿಂದ ದಡದ ರೂಢಿ ದಡದಲ್ಲಿ ತಪ್ಪಾಗದೆ ಕಡಲಿನಲ್ಲಿ ಮರಣವಾಗುತ್ತದೆ.

ನಿರ್ಜೀವವಾದ ಗಾಳಿ, ನೀರುಗಳೂ ಈ ಊರುಗಳನ್ನು ಕಟ್ಟುವುದರಲ್ಲಿ ಕೈಜೋಡಿಸುತ್ತವೆ. ಮುಂದೆ ರಸಾಯನಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ಅರ್ವಿಂಗ್ ಲ್ಯಾಂಗ್ಮೂರ್ 1927ರಲ್ಲಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದಾಗ, ತೇಲುವ ಸಾರ್ಗಾಸಮ್ ಗಾಳಿಯ ದಿಕ್ಕಿಗೆ ಸರಿಯಾಗಿ ಉದ್ದುದ್ದ ಸಾಲುಗಳಾಗಿ, ಹೂಡಿದ ಹೊಲದ ಸಾಲಿನಂತೆ ನಿಂತುದನ್ನು ಕಂಡರು. ಗಾಳಿ ಬೀಸಿದಾಗ ಮೇಲ್ಮೈಯ ನೀರು ಉರುಳೆಗಳಂತೆ ಸುತ್ತುತ್ತದೆಂದೂ ಎರಡು ಉರುಳೆಗಳು ಕೂಡಿ ಕೆಳಗಿಳಿಯುವ ಗೆರೆಯಲ್ಲಿ ತೇಲುವ ವಸ್ತುಗಳು ಒಟ್ಟಾಗುತ್ತವೆಂದೂ ಪ್ರಯೋಗಗಳಿಂದ ತೋರಿಸಿ 1938ರಲ್ಲಿ ಪ್ರಕಟಿಸಿದರು. ಚದರಿದ ಮನೆಗಳು ಹೀಗೆ ಬೀದಿಯಾಗುತ್ತವೆ. ಮನೆ ಕಳೆದುಕೊಂಡ ಸೀಗಡಿ ಪಕ್ಕದ ಗೊಂಚಲಿಗೆ ದಾಟಬಹುದು. ಆದರೆ ಅದೇ ಸಾಲಿಗೆ ಇಂದು ಪ್ಲಾಸ್ಟಿಕ್ಕಿನ ಬಾಟಲಿ, ಹರಿದ ಬಲೆ, ಬೂಚುಗಳೂ ಬಂದು ಸೇರುತ್ತಿವೆ. 2011ರ ಮಾರ್ಚಿನಲ್ಲಿ ಜಪಾನನ್ನು ಬಡಿದ ಸುನಾಮಿಯ ಅವಶೇಷಗಳ ಮೇಲೆ ಶಾಂತಸಾಗರವನ್ನು ದಾಟಿ ಅಮೆರಿಕದ ದಡ ಸೇರಿದ ಜಪಾನಿನ ಜೀವಜಾತಿಗಳು, 2017ರ ಹೊತ್ತಿಗೆ ಸಿಕ್ಕ ಲೆಕ್ಕದಲ್ಲಿ, 289. ಪಾಚಿಯ ತೆಪ್ಪ ಕರಗುತ್ತದೆ. ಪ್ಲಾಸ್ಟಿಕ್ಕಿನ ತೆಪ್ಪ ಕರಗುವುದಿಲ್ಲ. ಎಷ್ಟು ತಿಂದರೂ ಮುಳುಗದ ಆ ಮನೆಯಲ್ಲಿ ತಿನ್ನಲು ಏನೂ ಇಲ್ಲ ಎಂಬುದು ಬೇರೆ ಮಾತು. ಹೋಗಬಾರದ ಜಾತಿ ಹೋಗಬಾರದ ದಡಕ್ಕೆ ಹೋಗಿ ಅಲ್ಲಿಯ ಒಕ್ಕಲುಗಳನ್ನು ಎಬ್ಬಿಸೀತೆಂಬುದು ಶಾಸ್ತ್ರಜ್ಞರ ಅಂಜಿಕೆ.

ಮನೆ ಕಡಿಮೆಯಾಗುವುದೊಂದೇ ಕೇಡಲ್ಲ, ಅತಿಯಾಗುವುದೂ ಕೇಡೇ. 2011ರಿಂದೀಚೆಗೆ ಅಟ್ಲಾಂಟಿಕ್ಕಿನ ಉಷ್ಣವಲಯದಲ್ಲಿ, ಹಿಂದೆ ಇಲ್ಲದ ಕಡೆಗಳಲ್ಲಿ ಸಾರ್ಗಾಸಮ್ ಹಬ್ಬತೊಡಗಿತು. 2018ರಲ್ಲಿ ಪಶ್ಚಿಮ ಆಫ್ರಿಕದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿಯಾಗಿ, 2 ಕೋಟಿ ಟನ್ನಿಗೂ ಮಿಕ್ಕಿದ ಪಾಚಿಯನ್ನು ಉಪಗ್ರಹಗಳ ಚಿತ್ರದಿಂದ ಲೆಕ್ಕ ಹಾಕಲಾಯಿತು. 2025ರ ಮೇ ತಿಂಗಳಿನಲ್ಲಿ ಅದು 3 ಕೋಟಿ 75 ಲಕ್ಷ ಟನ್ನಿಗೆ ಏರಿತು. ಇಷ್ಟು ಪಾಚಿ ದಡಕ್ಕೆ ಬಂದು ಬಿದ್ದಾಗ ಅದರೊಳಗಿನ ಜೀವರಾಶಿ ಬಿಸಿಲಿಗೆ ಸಾಯುತ್ತದೆ. ಕೊಳೆತ ರಾಶಿಯಿಂದ ಕೊಳೆಮೊಟ್ಟೆಯ ನಾತದ ವಿಷಾನಿಲ ಏಳುತ್ತದೆ. ಕರೆಯ ನೀರು ಉಸಿರಿಲ್ಲದಂತಾಗುತ್ತದೆ. ಆಶ್ರಯವೇ ಮಸಣವಾಗುವ ಪರಿ ಇದು. ಗಾಳಿ ಪ್ರವಾಹಗಳ ಬದಲಾವಣೆ, ಆಳದಿಂದ ಮೇಲೇರುವ ಪೋಷಕದ್ರವ್ಯ ಇವುಗಳ ಜೊತೆಗೆ, ಹೊಲಗಳಿಂದ ದೊಡ್ಡ ನದಿಗಳು ಹೊತ್ತು ತರುವ ಗೊಬ್ಬರದ ಶೇಷವನ್ನೂ ಇದರ ಕಾರಣಗಳಲ್ಲಿ ಎಣಿಸುತ್ತಾರೆ.

ಈ ಕೊನೆಯ ಕಾರಣವನ್ನು ಓದಿದಾಗ ನಾನು ನಮ್ಮ ಕಬ್ಬಿನ ಗದ್ದೆಗಳನ್ನು ನೆನೆದೆ. ನಾವು ಹಾಕಿದ ಗೊಬ್ಬರವನ್ನೆಲ್ಲ ಬೆಳೆ ಉಣ್ಣುವುದಿಲ್ಲ. ಉಂಡುಳಿದದ್ದರಲ್ಲಿ ಒಂದು ಪಾಲು ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಹೊಳೆಯ ನಿಂತ ನೀರಿನಲ್ಲಿ ಅಂತರಗಂಗೆ ಹಬ್ಬಿ ದಟ್ಟವಾಗುವುದನ್ನು ನಮ್ಮ ಕಣ್ಣೇ ಕಂಡಿದೆ. ಅದರ ಬೇರಿನ ಗೊಂಚಲಿನಲ್ಲಿ ಸಣ್ಣ ಜೀವಿಗಳು ಆಸರೆ ಪಡೆಯುವುದೂ ನಿಜ, ಅದು ನೀರನ್ನೆಲ್ಲ ಮುಚ್ಚಿದಾಗ ಕೆಳಗಣ ಜೀವ ಉಸಿರುಗಟ್ಟುವುದೂ ನಿಜ. ಕಡಲಿನಲ್ಲಿ ನಡೆಯುವುದನ್ನು ತಿಳಿಯಲು ಕಡಲಿಗೇ ಹೋಗಬೇಕಾಗಿಲ್ಲ. ಮೊದಲ ಪಾಠ ಹೊಳೆಯ ದಂಡೆಯಲ್ಲೇ ಇದೆ.

ತಿಳಿದವರು ಸುಮ್ಮನಿಲ್ಲ. ತೇಲುವ ಪಾಚಿ ಕಸವಲ್ಲ, ವಸತಿ ಎಂದು ಒಪ್ಪಿ ಅಮೆರಿಕ 2003ರಲ್ಲಿ ತನ್ನ ದಕ್ಷಿಣ ಅಟ್ಲಾಂಟಿಕ್ ತೀರದಲ್ಲಿ ಅದರ ಕೊಯ್ಲನ್ನು ವರ್ಷಕ್ಕೆ 5,000 ಪೌಂಡಿಗೆ, ಅಂದರೆ ಸುಮಾರು 2,270 ಕಿಲೋಗ್ರಾಮಿಗೆ, ಮಿತಿಗೊಳಿಸಿತು. 2014ರ ಮಾರ್ಚಿನಲ್ಲಿ ಬರ್ಮುಡದ ಹ್ಯಾಮಿಲ್ಟನ್ ನಗರದಲ್ಲಿ ಐದು ಸರಕಾರಗಳು ಸಾರ್ಗಾಸೋ ಸಮುದ್ರವನ್ನು ಕಾಪಾಡುವ ಘೋಷಣೆಗೆ ಸಹಿ ಹಾಕಿದವು. ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕಡೆಯಲ್ಲಿ ಸಾರ್ಗಾಸಮನ್ನು ಆಲ್ಜಿನೇಟ್ ಎಂಬ ಅಂಟುಪದಾರ್ಥಕ್ಕಾಗಿ ಬಹುಕಾಲದಿಂದ ಸಂಗ್ರಹಿಸುತ್ತ ಬಂದಿದ್ದಾರೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಕಡಲಪಾಚಿಯ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟಿದೆ. ಬೇಸಾಯ ಬೇಡವೆಂದು ನಾನು ಹೇಳುವುದಿಲ್ಲ. ಕರೆಯ ಬಡವರಿಗೆ ಅದರಿಂದ ಅನ್ನ ದೊರೆಯುವುದಾದರೆ ಒಳ್ಳೆಯದೇ. ಆದರೆ ಬಂಡೆಯ ಮೇಲೆ ತಾನಾಗಿ ಬೆಳೆದುದನ್ನು ಕೊಯ್ಯುವ ಮೊದಲು, ಹಿಡಿ ಪಾಚಿಯನ್ನು ಬಿಳಿಯ ಬೇಸಿನ್ನಿನಲ್ಲಿ ಒಮ್ಮೆ ಕೊಡವಿ ನೋಡುವುದು ಕೊಯ್ಯುವವರ ಧರ್ಮ. ತೂಕಕ್ಕೆ ಹಾಕುವಾಗ ಪಾಚಿಯೊಂದೇ ತಕ್ಕಡಿಯಲ್ಲಿರುವುದಿಲ್ಲ.

ಹುಡುಗನ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಇಷ್ಟೇ. ನೀರು ವಿಶಾಲವಾದುದು, ಆದರೆ ವಿಶಾಲತೆ ಮನೆಯಲ್ಲ. ಹಿಡಿದುಕೊಳ್ಳಲು ಒಂದು ಕಡ್ಡಿ, ಮರೆಯಾಗಲು ಒಂದು ಎಲೆ, ಮಕ್ಕಳನ್ನು ಬಿಡಲು ಒಂದು ಪರಿಚಿತ ಜಾಗ ಇವಿದ್ದರೆ ಮನೆ. ಅಂಥ ಮನೆ ಸಿಕ್ಕಿದವನು ಅದನ್ನೇ ಉಂಡು ಬಾಳಬೇಕಾಗಿ ಬಂದಾಗ ಎಷ್ಟು ಉಣ್ಣಬೇಕೆಂಬುದೇ ಬಾಳಿನ ದೊಡ್ಡ ಲೆಕ್ಕ. ಸಾಸಿವೆಯಷ್ಟಿರುವ ಒಂದು ಐಸೊಪಾಡಿನ ಮರಿಗೆ ಈ ಲೆಕ್ಕ ಹುಟ್ಟಿನೊಡನೆ ಬಂದಿದೆ. ನಮಗೆ ಅದು ಹುಟ್ಟಿನೊಡನೆ ಬಂದಿಲ್ಲ. ಅದಕ್ಕಾಗಿಯೇ ನಾವು ಶಾಲೆ ಕಟ್ಟಿಕೊಂಡಿದ್ದೇವೆ. ಈ ಲೆಕ್ಕವನ್ನೂ ಅಲ್ಲಿ ಹೇಳಿಕೊಡಬೇಕಾಗಿದೆ.